ಅಡಿಕೆ ಮರ ಹತ್ತಲು ತಳೆಯೋ, ಯಂತ್ರವೋ, ದೋಟಿಯೋ? ಬೆಲ್ಟ್ ಕೊಳ್ಳುವ ಮೊದಲು ತಿಳಿದಿರಬೇಕಾದ ವಿಷಯ

ಪುತ್ತೂರು: ಮೇ ಕೊನೆಗೆ ಎರಡು ಮಳೆ ಬಿದ್ದರೆ ಸಾಕು, ತೋಟದವರಿಗೆ ಮದ್ದು ಬಿಡುವ ಚಿಂತೆ ಶುರು. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, 40–45 ದಿನ ಕಳೆದು ಇನ್ನೊಂದು ಸಲ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆರೋಗ ಗೊನೆಗಳನ್ನೇ ಉದುರಿಸಿ ಹಾಕುತ್ತದೆ. ಮರ ಹತ್ತುವವರ ಫೋನಿಗೆ ಆಗ ಬಿಡುವೇ ಇಲ್ಲ. ಜನ ಸಿಕ್ಕಿದರೆ ಸಾಕು ಎಂಬ ಅವಸರದಲ್ಲಿ ಅವರು ಹೇಗೆ ಹತ್ತುತ್ತಾರೆ, ಏನು ಕಟ್ಟಿಕೊಳ್ಳುತ್ತಾರೆ ಎಂದು ಕೇಳುವವರು ಕಡಿಮೆ. ಎರಡನೇ ಮದ್ದಿನ ಹೊತ್ತಿಗಂತೂ ಕಾಂಡ ಪಾಚಿ ಹಿಡಿದು ಸೋಪು ಹಚ್ಚಿದ ಹಾಗೆ ಇರುತ್ತದೆ.

ಹತ್ತುವ ವಿಧಾನಗಳು ಈಗ ಮೂರು ನಾಲ್ಕು ಇವೆ. ಯಾವುದು ವೇಗ, ಯಾವುದು ಅಗ್ಗ ಎಂಬ ಚರ್ಚೆ ಎಲ್ಲಾ ಕಡೆ ನಡೆಯುತ್ತದೆ. ಆದರೆ ಸುರಕ್ಷತೆಯ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕೈ ಮತ್ತು ಕಾಲು ಎರಡೂ ಒಟ್ಟಿಗೆ ಜಾರಿದರೆ ಮನುಷ್ಯನನ್ನು ಹಿಡಿದುಕೊಳ್ಳುವುದು ಯಾವುದು?

ತಳೆಯಲ್ಲಿ ಇದಕ್ಕೆ ಉತ್ತರ ಇಲ್ಲ. ಪಾದಗಳಿಗೆ ಹಾಕುವ ಆ ಹಗ್ಗದ ಬಳೆ ಕಾಲಿಗೆ ಹಿಡಿತ ಕೊಡುತ್ತದೆ, ಅಷ್ಟೇ. ಮೇಲಿನ ದೇಹದ ಭಾರವೆಲ್ಲ ಕೈಯ ಮೇಲೆ. ಗೊನೆ ಕೊಯ್ಯುವಾಗ, ನಾಝಲ್ ತಿರುಗಿಸುವಾಗ ಒಂದು ಕೈ ಮರದಿಂದ ಬಿಡಲೇಬೇಕು. ಅನುಭವ ಇರುವವರು ತೊಡೆಯಲ್ಲಿ ಮರವನ್ನು ಅವುಚಿ ನಿಲ್ಲುತ್ತಾರೆ, ಹತ್ತಾರು ವರ್ಷ ಹಾಗೇ ದುಡಿದವರಿದ್ದಾರೆ. "ಇಷ್ಟು ವರ್ಷ ಹತ್ತಿದ್ದೇನೆ, ಎಂತ ಆಗಿಲ್ಲ" ಎಂಬ ಮಾತು ಸುಳ್ಳಲ್ಲ. ಆದರೆ ತಲೆ ತಿರುಗಿದಾಗ, ಕಣಜ ಕಚ್ಚಿದಾಗ, ಸ್ನಾಯು ಸೆಳೆತ ಬಂದಾಗ ಅನುಭವ ಕೆಲಸಕ್ಕೆ ಬರುವುದಿಲ್ಲ. ಇಳಿಯದೆ ಒಂದು ಮರದಿಂದ ಪಕ್ಕದ ಮರಕ್ಕೆ ಜೀಕಿ ದಾಟುವ ರೂಢಿ ಇನ್ನೂ ಅಪಾಯದ್ದು. ಆ ಒಂದು ಕ್ಷಣ ದೇಹದ ಭಾರ ಎರಡು ಬಳುಕುವ ಮರಗಳ ನಡುವೆ ಇರುತ್ತದೆ.

ತೆಂಗಿಗೆ ಬಳಸುವ ಕಬ್ಬಿಣದ ಹತ್ತುವ ಯಂತ್ರದಲ್ಲಿ ಎರಡು ಭಾಗ, ಎರಡು ವೈರ್ ರೋಪ್. ಒಂದು ಮರವನ್ನು ಬಿಗಿ ಹಿಡಿದಾಗ ಇನ್ನೊಂದನ್ನು ಮೇಲೆತ್ತುತ್ತಾ ಹೋಗಬೇಕು. ಕೂತು ಹತ್ತುವ ಮಾದರಿ ಹೊಸಬರಿಗೆ ಸುಲಭ, ನಿಂತು ಹತ್ತುವುದು ವೇಗ. ಇಲ್ಲಿ ಮರೆತುಹೋಗುವ ಸಂಗತಿ ಎಂದರೆ ಮರ ಮೇಲೆ ಹೋದಂತೆ ಸಪೂರ ಆಗುತ್ತದೆ. ಬುಡದಲ್ಲಿ ಸರಿಯಾಗಿದ್ದ ರೋಪು ಮೇಲೆ ಸಡಿಲವಾಗಿ ಯಂತ್ರ ಓಲುತ್ತದೆ. ನಡುವೆ ನಿಂತು ಸರಿ ಮಾಡಿಕೊಳ್ಳಬೇಕು. ಆಗ ಮೈ ಮರಕ್ಕೆ ಬೇರೆಯಾಗಿ ಕಟ್ಟಿರಲೇಬೇಕು.

ಬಂಟ್ವಾಳ ತಾಲೂಕು ಸಜಿಪಮೂಡದ ಕೃಷಿಕ ಗಣಪತಿ ಭಟ್ ಅವರು ತಯಾರಿಸಿದ, ಎಂಜಿನ್ ಇರುವ ಮರ ಹತ್ತುವ ಬೈಕ್ 2019ರಲ್ಲಿ ದೇಶದಾದ್ಯಂತ ಸುದ್ದಿಯಾಯಿತು. ಮರ ಹತ್ತಲು ಬಾರದವರನ್ನೂ ಅದು ಮೇಲೆ ಮುಟ್ಟಿಸುತ್ತದೆ, ಅದು ದೊಡ್ಡ ಮಾತೇ. ಆದರೆ ಯಾವುದೇ ಯಂತ್ರವಾಗಲಿ, ಅದಕ್ಕೆ ಹೇಳಿದ ತೂಕದ ಮಿತಿ ಮೀರಬಾರದು. ಬ್ರೇಕನ್ನು ಪ್ರತಿದಿನ ನೆಲದಿಂದ ಮೂರಡಿ ಎತ್ತರದಲ್ಲೇ ಪರೀಕ್ಷಿಸಬೇಕು. ಸೀಟಿಗೆ ಕಟ್ಟಿದ ಬೆಲ್ಟ್ ಸೀಟಿನಿಂದ ಬೀಳದ ಹಾಗೆ ತಡೆಯುತ್ತದೆಯೇ ಹೊರತು, ಯಂತ್ರವೇ ಜಾರಿದರೆ ಏನೂ ಮಾಡುವುದಿಲ್ಲ.

ಹತ್ತದೇ ಇರುವುದು ಎಲ್ಲಕ್ಕಿಂತ ಕ್ಷೇಮ ಎಂದು ಕಾರ್ಬನ್ ಫೈಬರ್ ದೋಟಿ ತಂದವರಿದ್ದಾರೆ. ಬೀಳುವ ಭಯ ಹೋಯಿತು, ಸರಿ. ಬೆಲೆ ಜೋರು, ಕುತ್ತಿಗೆ ನೋವು ಬೇರೆ. ಮೇಲಿಂದ ಬರುವ ಗೊನೆಗೆ ತಲೆ ಕೊಡದಿರಲು ಹೆಲ್ಮೆಟ್ ಬೇಕು. ಇದೆಲ್ಲ ಸಹಿಸಿಕೊಳ್ಳಬಹುದು. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ ಎಂಬುದನ್ನು ಮಾತ್ರ ಮರೆಯಲೇಬಾರದು. ನೋಡಲು ಪ್ಲಾಸ್ಟಿಕ್ ಪೈಪಿನ ಹಾಗೆ ಕಾಣುತ್ತದೆ, ಅದರಿಂದಲೇ ಜನ ಮೋಸ ಹೋಗುವುದು. ತೋಟದ ಮೇಲೆ 11 ಕೆ.ವಿ. ಲೈನ್ ಹಾದುಹೋಗಿದ್ದರೆ ಆ ಸಾಲಿನಲ್ಲಿ ದೋಟಿ ಎತ್ತಬಾರದು, ಅಲ್ಯೂಮಿನಿಯಂ ಏಣಿಯೂ ಬೇಡ. ಮೊದಲೇ ಮೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಬೇಕು. 1912ಕ್ಕೆ ಕರೆ ಮಾಡಬಹುದು, ಇಲ್ಲವೇ ಶಾಖಾ ಕಚೇರಿಗೆ ಹೋಗಿ ಹೇಳಿದರೂ ಆಗುತ್ತದೆ. ಕರೆಂಟು ಹೋಗಿದೆ ಎಂದು ಅಂದಾಜಿನಲ್ಲಿ ಕೆಲಸಕ್ಕೆ ಇಳಿಯಬಾರದು, ಅದು ಯಾವ ಗಳಿಗೆಯಲ್ಲೂ ಬರಬಹುದು.

ಬೆಲ್ಟ್ ಎಂದರೆ ಎಲ್ಲವೂ ಒಂದೇ ಅಲ್ಲ

ಅಂಗಡಿಗೆ ಹೋಗಿ "ಒಂದು ಸೇಫ್ಟಿ ಬೆಲ್ಟ್ ಕೊಡಿ" ಎಂದರೆ ಸೊಂಟಕ್ಕೆ ಮಾತ್ರ ಕಟ್ಟುವುದು ಸಿಗಬಹುದು. ಅದು ಮರಕ್ಕೆ ಒರಗಿ ನಿಂತು ಎರಡೂ ಕೈಯಲ್ಲಿ ಕೆಲಸ ಮಾಡಲು ಇರುವುದು, ಬೀಳುವಾಗ ತಡೆಯಲು ಅಲ್ಲ. ಬಿದ್ದ ರಭಸಕ್ಕೆ ಅದು ಪಕ್ಕೆಲುಬಿನ ತನಕ ಏರಿ ಉಸಿರು ಕಟ್ಟಿಸಬಹುದು, ಮನುಷ್ಯ ತಲೆಕೆಳಗಾಗಿ ಜಾರಿ ಹೊರಗೆ ಬೀಳಲೂಬಹುದು. ಬೀಳುವುದರಿಂದ ಕಾಪಾಡಬೇಕಾದರೆ ತೊಡೆ, ಸೊಂಟ, ಭುಜ ಮೂರನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್ ಬೇಕು. ಭಾರತೀಯ ಮಾನಕ ಐಎಸ್ 3521, ಇಲ್ಲವೇ ಯುರೋಪಿನ ಇಎನ್ 361 ಎಂದು ಲೇಬಲ್‌ನಲ್ಲಿ ಇದೆಯೇ ನೋಡಬೇಕು. ಇಎನ್ 358 ಎಂದು ಮಾತ್ರ ಇದ್ದರೆ ಅದು ಒರಗಿ ನಿಲ್ಲುವ ಬೆಲ್ಟ್. ಮರಕ್ಕೆ ಮುಖ ಮಾಡಿ ಹತ್ತುವ ಕೆಲಸವಾದ್ದರಿಂದ ಎದೆಯ ಮುಂಭಾಗದಲ್ಲೂ ರಿಂಗ್ ಇರುವುದು ಅನುಕೂಲ. ಕಟ್ಟಡ ಕೆಲಸಕ್ಕೆಂದು ಬರುವ ಎಷ್ಟೋ ಹಾರ್ನೆಸ್‌ಗಳಲ್ಲಿ ರಿಂಗ್ ಬೆನ್ನಿಗೆ ಮಾತ್ರ ಇರುತ್ತದೆ. ಮಾಲು ತರಿಸುವ ಅಂಗಡಿಯವರು ಇದನ್ನು ಗಮನಿಸಿದರೆ ತೋಟದವರಿಗೆ ಉಪಕಾರ.

ಇನ್ನು ಹಾರ್ನೆಸ್‌ನಿಂದ ಮರಕ್ಕೆ ಹೋಗುವ ಹಗ್ಗ. ಹೆಚ್ಚಿನವರು ತಪ್ಪುವುದು ಇಲ್ಲೇ. ಮರಕ್ಕೆ ಬಳೆಯ ಹಾಗೆ ಹಗ್ಗ ಸುತ್ತಿ ಎರಡು ತುದಿಯನ್ನು ಬೆಲ್ಟಿಗೆ ಸಿಕ್ಕಿಸಿದರೆ, ಹಿಂದಕ್ಕೆ ವಾಲಿ ನಿಂತಿರುವಷ್ಟು ಹೊತ್ತು ಅದು ಬಿಗಿಯಾಗಿರುತ್ತದೆ. ಕಾಲು ಜಾರಿದ ಕೂಡಲೇ ಮೈ ಮರದ ಕಡೆ ಬರುತ್ತದೆ, ಬಳೆ ಸಡಿಲವಾಗುತ್ತದೆ, ಹಗ್ಗವೂ ಮನುಷ್ಯನೂ ಒಟ್ಟಿಗೆ ಕೆಳಗೆ ಬರುತ್ತಾರೆ. ಮಾವಿನ ಮರವಾದರೆ ಕೊಂಬೆಯಾದರೂ ತಡೆದೀತು, ಅಡಿಕೆಗೆ ಕೊಂಬೆಯೇ ಇಲ್ಲವಲ್ಲ. ಆದ್ದರಿಂದ ಹಗ್ಗ ಮರವನ್ನು ಜೀರುಗುಣಿಕೆಯಲ್ಲಿ ಹಿಡಿದಿರಬೇಕು, ಭಾರ ಬಿದ್ದಷ್ಟೂ ಕಾಂಡಕ್ಕೆ ಬಿಗಿಯುವ ಹಾಗೆ. ಹೆಜ್ಜೆಗೊಮ್ಮೆ ಕೈಯಲ್ಲಿ ಸಡಿಲಿಸಿ ಮೇಲೆ ತಳ್ಳುತ್ತಾ ಹೋಗುವುದು. ಗುಣಿಕೆ ಯಾವಾಗಲೂ ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇರಬೇಕು, ನಡುವಿನ ಹಗ್ಗ ಗಿಡ್ಡ ಇರಬೇಕು. ಗುಣಿಕೆ ಸೊಂಟಕ್ಕಿಂತ ಕೆಳಗೆ ಉಳಿದರೆ ಬೀಳುವ ದೂರ ಹೆಚ್ಚಿತು, ಜಗ್ಗುವ ಹೊಡೆತವೂ ಹೆಚ್ಚಿತು.

ಹಗ್ಗ ಹಿಡಿಯುತ್ತದೋ ಇಲ್ಲವೋ ಎಂದು ನೋಡಲು ಮರದ ತುದಿಗೆ ಹೋಗಬೇಕಾಗಿಲ್ಲ. ನೆಲದಿಂದ ಎರಡು ಮೂರು ಅಡಿ ಹತ್ತಿ, ನಿಧಾನಕ್ಕೆ ಪೂರ್ತಿ ಭಾರವನ್ನು ಹಾರ್ನೆಸ್‌ಗೆ ಬಿಟ್ಟು, ಕೈಕಾಲು ಎರಡನ್ನೂ ಮರದಿಂದ ತೆಗೆದು ನೇತಾಡಿ ನೋಡಿದರೆ ಗೊತ್ತಾಗುತ್ತದೆ. ಒಣ ಮರದಲ್ಲಿ ಹಿಡಿದದ್ದು ಪಾಚಿ ಹಿಡಿದ ಮರದಲ್ಲಿ ಹಿಡಿಯಬೇಕೆಂದಿಲ್ಲ, ಮಳೆಗಾಲದಲ್ಲಿ ಇನ್ನೊಮ್ಮೆ ನೋಡಬೇಕು.

ನೆಲ ಬಿಡುವಾಗಲೇ ಕಟ್ಟಿ, ನೆಲ ಮುಟ್ಟಿದ ಮೇಲೆಯೇ ಬಿಚ್ಚಬೇಕು. ತುದಿಗೆ ಹೋಗಿ ಕಟ್ಟಿಕೊಂಡರೆ ಆಯಿತು ಎನ್ನುವವರಿದ್ದಾರೆ. ಅವರು ಹತ್ತುವಾಗಲೂ ಇಳಿಯುವಾಗಲೂ, ಅಂದರೆ ಜಾರುವ ಸಾಧ್ಯತೆ ಹೆಚ್ಚಿರುವಾಗಲೇ, ಬರಿಮೈಯಲ್ಲಿ ಇರುತ್ತಾರೆ. ಮದ್ದಿನ ಪೈಪನ್ನು ಮೈಗೆ ಕಟ್ಟಿಕೊಳ್ಳಬಾರದು. ದ್ರಾವಣ ತುಂಬಿದ ಪೈಪಿನ ಭಾರ ಇಡೀ ಹೊತ್ತು ಕೆಳಗೆ ಎಳೆಯುತ್ತದೆ, ಅದನ್ನು ಮರಕ್ಕೇ ಕಟ್ಟುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ಹಾರ್ನೆಸ್ ತೊಳೆದು ನೆರಳಲ್ಲಿ ಒಣಗಿಸಬೇಕು. ಬಿಸಿಲು ಮತ್ತು ಮದ್ದಿನ ಕಲೆ ಎರಡೂ ಪಟ್ಟಿಯನ್ನು ತಿನ್ನುತ್ತವೆ. ಹೊಲಿಗೆ ಬಿಟ್ಟದ್ದನ್ನು ಗಂಟು ಹಾಕಿ ಬಳಸುವ ಉಳಿತಾಯ ಬೇಡ, ಒಮ್ಮೆ ಜೋರಾಗಿ ಬಿದ್ದಾಗ ತಡೆದ ಹಾರ್ನೆಸನ್ನೂ ಮತ್ತೆ ಬಳಸುವಂತಿಲ್ಲ.

ಮರವನ್ನೂ ನೋಡಬೇಕು. ಬುಡದಲ್ಲಿ ಅಣಬೆ ಎದ್ದಿದ್ದರೆ, ಬಿಸಿಲು ಹೊಡೆದು ಕಾಂಡ ಸೀಳಿದ್ದರೆ, ಬಡಿದಾಗ ಟೊಳ್ಳು ಶಬ್ದ ಬಂದರೆ ಅದು ಯಾವ ಬೆಲ್ಟ್ ಹಾಕಿದರೂ ಹತ್ತುವ ಮರವಲ್ಲ.

ಇಷ್ಟೆಲ್ಲ ಮಾಡಿದರೆ ಮರವೊಂದಕ್ಕೆ ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಮರವೊಂದಕ್ಕೆ ಇಷ್ಟು ಎಂದು ಕೂಲಿ ಮಾತಾಡಿದಲ್ಲಿ ಆ ನಿಮಿಷದ ನಷ್ಟ ಹತ್ತುವವರದ್ದು. ಬೆಲ್ಟ್ ಮೂಲೆಗೆ ಬೀಳಲು ನಿಜವಾದ ಕಾರಣ ಉದಾಸೀನಕ್ಕಿಂತ ಹೆಚ್ಚಾಗಿ ಈ ಲೆಕ್ಕವೇ. ಬೆಲ್ಟ್ ಕಟ್ಟಿಯೇ ಹತ್ತಬೇಕು ಎನ್ನುವ ತೋಟದ ಯಜಮಾನರು ದಿನದ ಲೆಕ್ಕದಲ್ಲಿ ಕೂಲಿ ಕೊಡಬೇಕು, ಇಲ್ಲವೇ ಮರದ ದರ ಏರಿಸಬೇಕು.

ಬಿದ್ದರೆ, ಅಥವಾ ನೇತಾಡಿದರೆ

ಒಬ್ಬರೇ ತೋಟಕ್ಕೆ ಹೋಗಿ ಹತ್ತಬಾರದು. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುತ್ತಾ ಉಳಿದರೆ ರಕ್ತ ಕಾಲಿನಲ್ಲೇ ನಿಂತು ಪ್ರಜ್ಞೆ ತಪ್ಪಬಹುದು, ಬೇಗ ಇಳಿಸಲು ಕೆಳಗೆ ಜನ, ಏಣಿ ಬೇಕು. ನೆಲಕ್ಕೆ ಬಿದ್ದವರನ್ನು ಕೂರಿಸಿ ನೀರು ಕುಡಿಸುವುದು, ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ರಿಕ್ಷಾಕ್ಕೆ ತುಂಬುವುದು ಬೇಡ. ಬೆನ್ನುಮೂಳೆ ಮುರಿದಿದ್ದರೆ ಬೆನ್ನುಹುರಿಗೆ ಪೆಟ್ಟಾಗುವುದು ಹಾಗೆ ಎತ್ತುವಾಗಲೂ ಆಗಬಹುದು. ಅಲುಗಾಡಿಸದೆ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬಾರದ ಜಾಗವಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ನಾಲ್ಕೈದು ಜನ ಸೇರಿ ಹಲಗೆಗೆ ಸರಿಸಿ ಒಯ್ಯಬೇಕು. ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಪುನಶ್ಚೇತನಕ್ಕೆ ಬೆಳ್ತಂಗಡಿ ತಾಲೂಕು ಕೊಕ್ಕಡದ ಸೌತಡ್ಕದಲ್ಲಿ ಸೇವಾಧಾಮ ಇದೆ.

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರ ಹತ್ತುವವರಿಗೆ ತರಬೇತಿ ಶುರು ಮಾಡಿತು, ಅದರ ಜತೆಗೆ ಕೇರ ಸುರಕ್ಷಾ ಎಂಬ ಅಪಘಾತ ವಿಮೆಯೂ ಇದೆ. ಪ್ರೀಮಿಯಂನ ಹೆಚ್ಚಿನ ಪಾಲು ಮಂಡಳಿಯದ್ದು, ಕಾರ್ಮಿಕರು ಕಟ್ಟುವುದು ಸಣ್ಣ ಮೊತ್ತ. ದರ ಆಗಾಗ ಬದಲಾಗುವುದರಿಂದ ಈ ವರ್ಷದ್ದು ಎಷ್ಟೆಂದು ತೋಟಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಅಡಿಕೆ ಮರ ಹತ್ತುವವರಿಗೆ ವಿಟ್ಲದ ಸಿಪಿಸಿಆರ್‌ಐ ಕೇಂದ್ರದಲ್ಲಿ ತರಬೇತಿ ಶಿಬಿರಗಳು ನಡೆದದ್ದುಂಟು. ವಿಮೆಯನ್ನು ವರ್ಷ ವರ್ಷ ನವೀಕರಿಸಬೇಕು. ಮೊದಲ ಮದ್ದಿಗೆ ಜನ ಗೊತ್ತು ಮಾಡುವಾಗಲೇ ಅವರ ವಿಮೆಯ ದಿನಾಂಕ ಮುಗಿದಿದೆಯೋ ಎಂದು ಕೇಳಿಬಿಟ್ಟರೆ, ನವೀಕರಿಸಿಕೊಳ್ಳಲು ಅವರಿಗೂ ಸಮಯ ಸಿಗುತ್ತದೆ.