ಗ್ವಾಟೆಮಾಲಾದ ಗುಡ್ಡಗಳಲ್ಲಿ ಒಂದು ವಾರ

ಚರ್ಚಿನ ತಂಡದೊಡನೆ ಗ್ವಾಟೆಮಾಲಾಕ್ಕೆ ಹೋಗಿಬಂದೆನೆಂದು ತಿಳಿದಾಗ ಮೈಸೂರಿನ ಚಿಕ್ಕಮ್ಮ ಕೇಳಿದ ಮೊದಲ ಪ್ರಶ್ನೆ, 'ಮತಾಂತರದ ಕೆಲಸಕ್ಕೆ ನೀನೇಕಪ್ಪ ಹೋದೆ?' ಎಂಬುದು. (ಅವರ ಇಬ್ಬರು ಮಕ್ಕಳೂ ಹುಟ್ಟಿದ್ದು 1906ರಲ್ಲಿ ಆರಂಭವಾದ ನಮ್ಮೂರಿನ ಮಿಷನ್ ಆಸ್ಪತ್ರೆಯಲ್ಲಿಯೇ!) ಅಮೆರಿಕಕ್ಕೆ ಬರಲಿರುವ ಯುವ ವೈದ್ಯರಿಗೂ ಇದೇ ಅನುಮಾನವಿರಬಹುದು.

ಹನ್ನೆರಡು ಮಂದಿಯ ತಂಡದಲ್ಲಿ ಹಿಂದೂ ನಾನೊಬ್ಬನೇ. ರಜೆಯೂ ನಮ್ಮದು, ಪ್ರಯಾಣದ ವೆಚ್ಚವೂ ನಮ್ಮದು. ಔಷಧದ ಸರದಿಗೂ ಪ್ರಾರ್ಥನೆಗೂ ಸಂಬಂಧವಿರಕೂಡದೆಂದು ಮೊದಲೇ ಹೇಳಿದ್ದೆ. ಪಾದ್ರಿಗಳು ಒಪ್ಪಿದರು, ನಡೆದುಕೊಂಡರು.

ಆ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮಾಯಾ ಜನರಿರುವ ಗುಡ್ಡಗಳಲ್ಲಿ ಸ್ಥಿತಿ ಇನ್ನೂ ಕಠಿಣ. ಐದು ವರ್ಷದವನೆಂದು ನಾನು ಭಾವಿಸಿದ ಬಾಲಕನಿಗೆ ಒಂಬತ್ತು ತುಂಬಿತ್ತು. ತಾಯಿ ಕಿಚೆ ಭಾಷೆಯಲ್ಲಿ ಹೇಳಿದ್ದು ಸ್ಪ್ಯಾನಿಷ್‌ಗೆ ತಿರುಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ನನ್ನನ್ನು ಮುಟ್ಟುವಷ್ಟರಲ್ಲಿ ಅರ್ಧ ಮಾತು ಸೋರಿಹೋಗಿರುತ್ತಿತ್ತು. 400 ಮಿಲಿಗ್ರಾಂ ಆಲ್ಬೆಂಡಜೋಲ್ ಜಂತುಹುಳುಗಳನ್ನು ಕೊಲ್ಲುತ್ತದೆ, ನಿಜ. ಶೌಚಾಲಯವೂ ಶುದ್ಧ ನೀರೂ ಇಲ್ಲದೆಡೆ ಅವು ಮತ್ತೆ ಬರುತ್ತವೆ. ಮೊದಲ ಎರಡು ವರ್ಷಗಳಲ್ಲಿ ಕೈತಪ್ಪಿದ ಬೆಳವಣಿಗೆಯನ್ನು ಒಂದು ವಾರದ ವೈದ್ಯನು ತಂದುಕೊಡಲಾರ. ಆದ್ದರಿಂದ ನಾವು ಹೆಚ್ಚು ಶ್ರಮಪಟ್ಟದ್ದು ಪ್ರತಿ ಮಗುವಿನ ಎತ್ತರ, ತೂಕಗಳನ್ನು ಬರೆದು, ವರ್ಷವಿಡೀ ಅಲ್ಲಿಯೇ ಇರುವ ದಾದಿಯ ಕೈಗೆ ಒಪ್ಪಿಸುವುದಕ್ಕೆ.

ಒಂದು ಮಧ್ಯಾಹ್ನ ಅನಾಥಾಲಯಕ್ಕೆ ಹೋಗಿ ಮಕ್ಕಳೊಡನೆ ಆಡಿ ಚಿತ್ರ ತೆಗೆದುಕೊಳ್ಳುವ ಯೋಚನೆಯಿತ್ತು. ನಾನು ವಿರೋಧಿಸಿದೆ. ಗುರುತಿಲ್ಲದವರ ಕೊರಳಿಗೆ ಜೋತುಬೀಳುವ ಮಗುವನ್ನು ಕಂಡು ನಾವು ಕರಗುತ್ತೇವೆ; ವೈದ್ಯಶಾಸ್ತ್ರಕ್ಕೆ ಅದು ಆಸರೆ ತಪ್ಪಿದ ಮಗುವಿನ ಲಕ್ಷಣ. ವಾರಕ್ಕೊಂದು ತಂಡ ಬಂದು ಮುದ್ದಿಸಿ ಮಾಯವಾದರೆ ಗಾಯ ಆಳವಾಗುತ್ತದೆ. ಅಲ್ಲದೆ ಇಂತಹ ಅನೇಕ ಮಕ್ಕಳಿಗೆ ತಂದೆತಾಯಿಯರಿರುತ್ತಾರೆ. ಬಿಟ್ಟುಹೋಗಲು ಕಾರಣ ಬಡತನ. 2010ರ ಭೂಕಂಪದ ನಂತರ ಹೈಟಿಯಿಂದ 33 ಮಕ್ಕಳನ್ನು ಗಡಿ ದಾಟಿಸಲು ಹೋಗಿ ಹತ್ತು ಅಮೆರಿಕನ್ನರು ಬಂಧಿತರಾದಾಗ ಹೊರಬಿದ್ದದ್ದೂ ಇದೇ. ತಂಡದಲ್ಲಿ ಇಬ್ಬರು ಮುನಿಸಿಕೊಂಡರು. ಭೇಟಿ ರದ್ದಾಯಿತು, ಆಟಿಕೆಯ ಹಣ ನೀರಿನ ಶೋಧಕಗಳಿಗೆ ಹೋಯಿತು.

ಹೋಗಬಯಸುವವರು ಆ ದೇಶದಲ್ಲಿ ಚಿಕಿತ್ಸೆ ನೀಡಲು ಅನುಮತಿಯಿದೆಯೇ, ನಾವು ಹಿಂದಿರುಗಿದ ಮೇಲೆ ರೋಗಿಯನ್ನು ನೋಡುವವರು ಯಾರು ಎಂದು ಮೊದಲು ವಿಚಾರಿಸಿ. ವೀಸಾದಲ್ಲಿರುವವರು ಅಮೆರಿಕಕ್ಕೆ ಮರುಪ್ರವೇಶದ ಕಾಗದಪತ್ರಗಳನ್ನೂ ನೋಡಿಕೊಳ್ಳಿ.

ಮುಂದಿನ ವರ್ಷಕ್ಕೆ ಆ ದಾದಿ ನನ್ನಂತಹವರನ್ನು ಕೇಳಿಲ್ಲ. ಒಬ್ಬ ದಂತವೈದ್ಯರು, ಎರಡು ತೂಕದ ಯಂತ್ರಗಳು ಸಾಕಂತೆ.