ಏಕನಾಯಕ: ಬೇರಿನಲ್ಲಿರೋ ಮದ್ದು, ಬೇರಿಗೇ ಬಂದ ಕುತ್ತು

ಇವತ್ತು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದ ಕಾಡುಗಳಲ್ಲಿ ಮರಗಳಿಗೆ ಹಬ್ಬಿ ಬೆಳೆಯೋ ಪೊದೆ, ಏಕನಾಯಕದ ಬಗ್ಗೆ ಮಾತಾಡೋಣ. ಸಸ್ಯಶಾಸ್ತ್ರದಲ್ಲಿ ಇದರ ಕುಲ ಸಲೇಸಿಯಾ. ಸಕ್ಕರೆ ಕಾಯಿಲೆಗೆ ಇದರ ಬೇರಿನ ಕಷಾಯ ಕುಡಿಯೋದು ಹಳೇ ರೂಢಿ. ಶ್ರೀಲಂಕಾದಲ್ಲಂತೂ ಇದರ ಗಟ್ಟಿ ಕಾಂಡ ಕೊರೆದು ಲೋಟ ಮಾಡಿ, ರಾತ್ರಿಯಿಡೀ ನೀರು ತುಂಬಿಟ್ಟು ಕುಡಿಯುತ್ತಾರೆ.

ಅದರಲ್ಲೇನಿದೆ? 1997ರಲ್ಲಿ ಜಪಾನಿನ ಸಂಶೋಧಕರು ಇದರಿಂದ ಸಲಾಸಿನಾಲ್ ಎಂಬ ಸಂಯುಕ್ತವನ್ನು ಬೇರ್ಪಡಿಸಿದರು. ಪಿಷ್ಟವನ್ನು ಗ್ಲುಕೋಸ್ ಆಗಿ ಒಡೆಯೋ ಕರುಳಿನ ಕಿಣ್ವಗಳನ್ನು ಇದು ತಡೆಯುತ್ತದೆ. ಊಟದ ನಂತರ ಸಕ್ಕರೆ ಥಟ್ಟನೆ ಏರೋದಿಲ್ಲ. ಅಕಾರ್ಬೋಸ್ ಮಾತ್ರೆಯ ಕೆಲಸವೂ ಇದೇ. ಹಾಗಾಗಿ ಮಾತ್ರೆ ತಗೊಳ್ಳೋರು ವೈದ್ಯರನ್ನು ಕೇಳದೆ ಇದನ್ನು ಸೇರಿಸಬೇಡಿ.

ಎಲೆ ಕಿತ್ತರೆ ಗಿಡ ಮತ್ತೆ ಚಿಗುರುತ್ತೆ. ಬೇರು ಅಗೆದರೆ ಗಿಡವೇ ಹೋಗುತ್ತೆ. ಪರದೇಶದ ಅಂಗಡೀಲಿ ಇದರ ಪುಡಿ ಕೊಳ್ಳುವಾಗ, ಬೆಳೆಸಿದ್ದೋ ಕಾಡಲ್ಲಿ ಅಗೆದದ್ದೋ ಅಂತ ನಾವು ಕೇಳೋಣ.