ಕಿಟಕಿ ಯಾವ ದಿಕ್ಕಿಗೆ?

ಅಳತೆ ಬರೆದುಕೊಂಡು ಹೋಗಿದ್ದೆ. ಅಗಲ ನಾಲ್ಕಡಿ, ಎತ್ತರ ನಾಲ್ಕಡಿ. ಬಣ್ಣ ಹೊಂದಬೇಕಲ್ಲ ಎಂದು ಸೋಫಾದ ಫೋಟೊ ಕೂಡ ಮೊಬೈಲಿನಲ್ಲಿತ್ತು. ತಾತ ಚೀಟಿಯನ್ನೂ ನೋಡಲಿಲ್ಲ, ಫೋಟೊವನ್ನೂ ನೋಡಲಿಲ್ಲ.

"ಯಾವ ದಿಕ್ಕಿಗೈತಮ್ಮ ಕಿಟಕಿ?"

ಹನ್ನೊಂದು ವರ್ಷದಿಂದ ಬಾಳುತ್ತಿರುವ ಮನೆ. ಬಾಯಿಗೆ ಉತ್ತರ ಬರಲಿಲ್ಲ.

"ಸಾಯಂಕಾಲದ ಬಿಸ್ಲು ಎಲ್ಲೀಗಂಟ ಬತ್ತದೆ?"

"ಟೀವಿ ಮೇಲೆ ಬೀಳುತ್ತೆ ತಾತ. ಏನೂ ಕಾಣಿಸಲ್ಲ."

"ಹಂಗಾರೆ ಪಡುವಲು" ಎಂದು ತಾವೇ ತೀರ್ಮಾನಿಸಿ, ಎದ್ದು ಒಳಗಿನಿಂದ ಕಡ್ಡಿಯ ಕಟ್ಟೊಂದನ್ನು ತಂದರು. ಪಡುವಲ ಕಿಟಕಿಗೆ ಕಡ್ಡಿ ಒತ್ತಾಗಿರಬೇಕಂತೆ, ಹಿಂದೆ ತೆಳು ಬಟ್ಟೆಯೂ ಬೇಕಂತೆ. ಮೂಡಲಾದರೆ ಬಟ್ಟೆ ಬೇಡ. ಬೆಳಗಿನ ಬಿಸಿಲು ಸೋರಿಕೊಂಡು ಬರಲಿ.

ಬೆಂಗಳೂರಿನ ದಂಡು ಪ್ರದೇಶದ ಬಂಬೂ ಬಜಾರಿಗೆ ನಾನು ಹೋದದ್ದು ಕಿಟಕಿಗೆ ಬಿದಿರುಕಡ್ಡಿಯ ಪರದೆ, ಅಂದರೆ ಚಿಕ್, ಮಾಡಿಸಲು. ಬರೆಯುವ ಯೋಚನೆ ಬಂದದ್ದು ಅದನ್ನು ಹೆಣೆಯುವ ಈ ತಾತನ ತೂಕದ ಬಟ್ಟುಗಳನ್ನು ನೋಡಿದ ಮೇಲೆ.

ಎರಡು ಕವೆಗೋಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಗಳ. ಇಷ್ಟೇ ಇವರ ಮಗ್ಗ. ಗಳದ ಉದ್ದಕ್ಕೂ ಗೇಣಿಗೊಂದರಂತೆ ಆರು ದಾರಗಳು ಇಳಿಬಿದ್ದಿರುತ್ತವೆ. ಒಂದೊಂದು ದಾರಕ್ಕೂ ಒಂದು ತುದಿ ಈಚೆ, ಒಂದು ತುದಿ ಆಚೆ; ಎರಡಕ್ಕೂ ಒಂದೊಂದು ಭಾರ. ಕಡ್ಡಿಯನ್ನು ಗಳದ ಮೇಲೆ ಮಲಗಿಸಿ ಈಚಿನ ಭಾರವನ್ನು ಆಚೆಗೆ, ಆಚಿನದನ್ನು ಈಚೆಗೆ ದಾಟಿಸಿಬಿಟ್ಟರೆ ಗಂಟು ಹಾಕದೆಯೇ ಕಡ್ಡಿ ಬಿಗಿಯುತ್ತದೆ. ಮತ್ತೊಂದು ಕಡ್ಡಿ, ಮತ್ತೆ ದಾಟಿಸು. ಬೇರೆಯವರು ಈ ಭಾರಕ್ಕೆ ಕಲ್ಲನ್ನೋ ಇಟ್ಟಿಗೆ ಚೂರನ್ನೋ ಕಟ್ಟಿಕೊಳ್ಳುತ್ತಾರೆ. ತಾತನ ಗಳದಲ್ಲಿ ತೂಗುತ್ತಿದ್ದದ್ದು ಕಬ್ಬಿಣದ ಕಾಲು ರಾತಲಿನ ಬಟ್ಟುಗಳು.

1956ರ ಕಾಯಿದೆಯಂತೆ ಮೆಟ್ರಿಕ್ ಅಳತೆ 1958ರಿಂದ ಹಂತಹಂತವಾಗಿ ಜಾರಿಗೆ ಬಂದಾಗ ಪೇಟೆಯ ಅಂಗಡಿಗಳಲ್ಲಿ ರಾತಲು, ಸೇರುಗಳು ಬೇಡವಾದವು. ತಾತನಿಗೆ ಆಗ ಎಂಟೋ ಹತ್ತೋ ವರ್ಷ. ಅವರಪ್ಪ ದಿನಸಿ ಅಂಗಡಿಗಳ ಬಾಗಿಲಿಗೆ ಹೋಗಿ, ಗುಜರಿಗೆ ಹಾಕುವ ಬಟ್ಟುಗಳನ್ನು ಕೇಳಿ ತಂದರಂತೆ. ಒಂದೇ ತೂಕದ ಹನ್ನೆರಡನ್ನು ಹೊಂದಿಸಿಕೊಳ್ಳಲು ಎಷ್ಟೋ ಅಂಗಡಿ ಅಲೆದರಂತೆ. "ಭಾರ ಒಂದೇ ಸಮ ಇರಬೇಕು ಕಣಮ್ಮ. ಒಂದು ಜಾಸ್ತಿ ಎಳುದ್ರೆ ತಟ್ಟಿ ಸೊಟ್ಟ ಸುತ್ಕತದೆ." ಈಗ ಉಳಿದಿರುವುದು ಹನ್ನೊಂದು. ಹನ್ನೆರಡನೆಯದು ಬೀದಿಯಿಂದ ಆಯ್ದ ಕಲ್ಲು. ಅದನ್ನು ತಕ್ಕಡಿಯಲ್ಲಿಟ್ಟು ತೂಕ ನೋಡಿ, ಉಜ್ಜಿ ಸರಿಮಾಡಿದ್ದಾರೆ.

ನಾನು ಎಣಿಸಿದೆ. ಇಂಚಿಗೆ ನಾಲ್ಕು ಕಡ್ಡಿ, ನಾಲ್ಕಡಿಗೆ 192. ಕಡ್ಡಿಯೊಂದಕ್ಕೆ ಆರು ಕಡೆ ದಾಟಿಸಬೇಕು. ನನ್ನ ಒಂದು ಕಿಟಕಿಗಾಗಿ ಆ ಬಟ್ಟುಗಳು 1,152 ಸಲ ಜಾಗ ಬದಲಿಸಿಕೊಂಡಿವೆ. ಲೆಕ್ಕ ಹೇಳಿದಾಗ ತಾತ ನಕ್ಕರು. ಅವರು ಎಣಿಸುವವರಲ್ಲ. ಟಕ್ ಟಕ್ ಸದ್ದು ತಪ್ಪಿದರೆ ಮಾತ್ರ ಕೈ ನೋಡಿಕೊಳ್ಳುತ್ತಾರೆ.

ಮೇದರ ಕಸುಬಿನ ಇತಿಹಾಸ ಕೇಳಿದ್ದಕ್ಕೆ ತಾತ ನೇರ ಹನ್ನೆರಡನೆಯ ಶತಮಾನಕ್ಕೆ ಹೋದರು. ಕಲ್ಯಾಣದ ಮೇದರ ಕೇತಯ್ಯ, ಅವನ ಹೆಂಡತಿ ಸಾತವ್ವೆ, ಬಿದಿರಿನೊಳಗೆ ಹೊನ್ನು ತುಂಬಿಟ್ಟು ಪರೀಕ್ಷಿಸಿದ ಶಿವ. ಆ ಹೊನ್ನನ್ನು ಹುಳುವೆಂದು ಕೇತಯ್ಯ ಆಚೆ ಬಿಟ್ಟನಂತೆ. ಕೊನೆಗೆ ಬಿದಿರೇ ಎದೆಗೆ ನಾಟಿತಂತೆ. ಆತನ ವಚನಗಳಿಗೆ 'ಗವರೇಶ್ವರ' ಅಂಕಿತ. ಗವರಿಗರು ಎಂದರೆ ಬುಟ್ಟಿ ಹೆಣೆಯುವವರು. ಅಲ್ಲಿಂದ ತಾತ ಒಂದೇ ನೆಗೆತಕ್ಕೆ ದಂಡಿಗೆ ಬಂದರು. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಇಲ್ಲಿಗೆ ತಂದರು, ಬಂಗಲೆಗಳೆದ್ದವು. ಕಿಟಕಿಯ ಮೇಲೆ ಮರದ ಪಟ್ಟಿಗಳ ಮೊನಚು ಟೋಪಿ, ಅದೇ ಬೆಂಗಳೂರಿನ ಮಂಕಿ ಟಾಪ್. ಜಗಲಿಗೆ ಬಿದಿರಿನ ಚಿಕ್. ಚಿಕ್ ಎಂಬ ಮಾತು ಪಾರಸಿ ಕಡೆಯಿಂದ ಬಂದದ್ದು. ತಾತನ ಬಾಯಲ್ಲಿ ಅದು ಈಗಲೂ ತಟ್ಟಿಯೇ. ನಡುವಿನ ಆರುನೂರಕ್ಕೂ ಹೆಚ್ಚು ವರ್ಷ ಏನಾಯಿತೆಂದು ಕೇಳಿದೆ. "ಮೊರ ಮಾಡ್ತಿದ್ವು" ಎಂದರು. ಇತಿಹಾಸ ಮುಗಿಯಿತು.

ದಿಕ್ಕಿನ ಪ್ರಶ್ನೆಗೆ ಮರಳುತ್ತೇನೆ, ಏಕೆಂದರೆ ಪರದೆ ಕೊಳ್ಳುವಾಗ ನಾವ್ಯಾರೂ ಅದನ್ನು ಕೇಳಿಕೊಳ್ಳುವುದಿಲ್ಲ. ಬಣ್ಣ ಕೇಳುತ್ತೇವೆ, ನೆರಿಗೆ ಎಷ್ಟು ಬರುತ್ತದೆ ಎಂದು ಕೇಳುತ್ತೇವೆ. ಆದರೆ ಬಿಸಿಲು ಗಾಜು ದಾಟಿ ಒಳಬಂದ ಮೇಲೆ ನಮ್ಮ ದಪ್ಪ ಪರದೆ ಮಾಡುವುದಾದರೂ ಏನು? ತಾನೇ ಕಾಯುತ್ತದೆ, ಆ ಕಾವನ್ನು ಕೋಣೆಗೆ ಬಿಡುತ್ತದೆ. ಬೆಳಕಾಗಿ ಗಾಜನ್ನು ದಾಟಿ ಬಂದದ್ದು ಕಾವಾಗಿ ಹಿಂದಿರುಗಲು ಹೋದರೆ ಗಾಜು ದಾರಿ ಕೊಡುವುದಿಲ್ಲ. ಚಿಕ್ ತೂಗುವುದು ಕಿಟಕಿಯ ಹೊರಗೆ. ಬಿಸಿಲು ಗಾಜಿಗೆ ಬೀಳುವ ಮೊದಲೇ ಅಲ್ಲಿ ತಡೆ, ಬಿದಿರು ಕಾದರೂ ಆ ಕಾವು ಬೀದಿಯ ಗಾಳಿಗೆ. ಹೊರಗೆ ಕಟ್ಟಿದ ಸಾದಾ ತಟ್ಟಿ ಒಳಗಿನ ದುಬಾರಿ ಪರದೆಗಿಂತ ಹೆಚ್ಚು ತಂಪು ಕೊಡುವುದು ಈ ಕಾರಣಕ್ಕೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಗಾಳಿಯನ್ನು ತಂಪು ಮಾಡಿಕೊಳ್ಳುತ್ತಿದ್ದ ಉಪಾಯ ಇದಕ್ಕಿಂತ ಒಂದು ಹೆಜ್ಜೆ ಮುಂದೆ.

ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ನೇರ ಬರುವುದು ವರ್ಷಕ್ಕೆರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಬಿಸಿಲು ಬಡಗಣದಿಂದ ಬರುತ್ತದೆ. ನಡುಹಗಲಿನದನ್ನು ಸಜ್ಜೆ ನೋಡಿಕೊಳ್ಳುತ್ತದೆ. ನಾಲ್ಕು ಗಂಟೆಗೆ ಓರೆಯಾಗಿ ನುಗ್ಗುವ ಪಡುವಲ ಬಿಸಿಲಿಗೆ ಸಜ್ಜೆಯ ಹಂಗಿಲ್ಲ. ತಾತ ಶಾಲೆಯಲ್ಲಿ ಓದಿದವರಲ್ಲ. ಆದರೂ ಅವರ ಮೊದಲ ಪ್ರಶ್ನೆಯಲ್ಲಿ ಇದೆಲ್ಲ ಇದೆ.

ಇನ್ನೊಂದು ಗುಣ ನನಗೆ ಗೊತ್ತಾದದ್ದು ತೂಗುಹಾಕಿದ ಮೇಲೆ. ಹಗಲಲ್ಲಿ ಒಳಗೆ ಕೂತವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿನವರು ಕಾಣುವುದಿಲ್ಲ. ರಾತ್ರಿ ದೀಪ ಹಾಕಿದರೆ ಎಲ್ಲ ತಿರುಗುಮುರುಗು!

ಕಡ್ಡಿ ಸೀಳುವುದು ಅಜ್ಜಿಯ ಕೆಲಸ. ಮೂರು ವರ್ಷ ಬಲಿತ ಬಿದಿರಾಗಬೇಕು. ಎಳೆಯದಕ್ಕೆ ಹುಳು ಬೇಗ ಬೀಳುತ್ತದೆ. ಹುಳು ಬರುವುದೇ ಬಿದಿರಿನೊಳಗಿನ ಪಿಷ್ಟಕ್ಕೆ, ಹಾಗಾಗಿ ನೀರಲ್ಲಿ ನೆನೆಹಾಕಿ ಅದು ಬಿಟ್ಟುಕೊಳ್ಳುವಂತೆ ಮಾಡುತ್ತಾರೆ. ಆಮೇಲೆ ದಬ್ಬೆ, ದಬ್ಬೆಯಿಂದ ಕಡ್ಡಿ, ಗೆಣ್ಣು ಹೆರೆಯುವುದು. ಮಾತಾಡುತ್ತಲೇ ಅಜ್ಜಿ ಕತ್ತಿಯನ್ನು ತಮ್ಮತ್ತ ಎಳೆದುಕೊಳ್ಳುತ್ತಿದ್ದರು. ನನಗೆ ನೋಡಲು ಭಯವಾಗಿ, ಈ ಭಾಗವನ್ನು ಸರಿಯಾಗಿ ಬರೆದುಕೊಳ್ಳಲಿಲ್ಲ. ಅಂಚಿಗೆ ಬಟ್ಟೆ ಹೊಲಿದು, ಕೆಳಗೆ ದಪ್ಪ ಗಳ ಕೊಟ್ಟು, ಸುತ್ತಿ ಮೇಲೇರಿಸಲು ಹಗ್ಗ ಕಟ್ಟಿದರೆ ಮುಗಿಯಿತು.

ಅಂಗಡಿಯ ಮುಂಭಾಗ ಮಗನದು. ಅಲ್ಲಿ ಪ್ಲಾಸ್ಟಿಕ್ ಚಿಕ್, ರೋಲರ್ ಬ್ಲೈಂಡ್, ಜೀಬ್ರಾ ಬ್ಲೈಂಡುಗಳ ಮಾದರಿ ಪುಸ್ತಕ. ಆತನನ್ನು ದೂರುವ ಮನಸ್ಸು ನನಗಿಲ್ಲ. ಮಳೆಗೆ ನೆನೆದ ಬಿದಿರಿಗೆ ಬೂಷ್ಟು ಹಿಡಿಯುವುದು ಸುಳ್ಳಲ್ಲ, ವರ್ಷಕ್ಕೊಮ್ಮೆ ವಾರ್ನಿಷ್ ಬಳಿಯುವ ತಾಳ್ಮೆ ಗಿರಾಕಿಗಿಲ್ಲ ಎನ್ನುವುದೂ ಸುಳ್ಳಲ್ಲ. "ಮಾದರಿ ಪುಸ್ತಕ ಕೊಟ್ಟರೆ ಹತ್ತು ನಿಮಿಷದಲ್ಲಿ ಆರ್ಡರ್ ಆಗುತ್ತೆ ಮೇಡಂ. ಅಪ್ಪ ಕಿಟಕಿ ದಿಕ್ಕು ಕೇಳುತ್ತಾ ಕೂತಿರ್ತಾರೆ." ಕಟ್ಟಡಗಳ ಸಾರುವೆಗೆ ಉಕ್ಕಿನ ಕೊಳವೆ ಬಂದ ಮೇಲೆ ಗಳಗಳ ದೊಡ್ಡ ವ್ಯಾಪಾರವೂ ಇಳಿಯಿತಂತೆ. ಈಗ ಏಣಿ, ಚಪ್ಪರ, ಚಟ್ಟ.

ಬಿದಿರಿನ ಕಥೆಯೂ ಸರಳವಲ್ಲ. ಹೆಬ್ಬಿದಿರು ನಲವತ್ತು ಐವತ್ತು ವರ್ಷಕ್ಕೊಮ್ಮೆ ಮೆಳೆಮೆಳೆಯೇ ಹೂಬಿಟ್ಟು, ಅಕ್ಕಿ ಉದುರಿಸಿ ಸಾಯುತ್ತದೆ. ಮತ್ತೆ ಬಲಿಯಲು ವರ್ಷಗಟ್ಟಲೆ ಕಾಯಬೇಕು. 1927ರ ಅರಣ್ಯ ಕಾಯಿದೆ ಹುಲ್ಲಿನ ಜಾತಿಗೆ ಸೇರಿದ ಬಿದಿರನ್ನು ಮರವೆಂದು ಕರೆದಿತ್ತು. ತನ್ನ ಹೊಲದಲ್ಲಿ ಬೆಳೆದದ್ದನ್ನು ಕಡಿದು ಸಾಗಿಸಲೂ ರೈತ ಅನುಮತಿಗೆ ಅಲೆಯಬೇಕಿತ್ತು. ಕಾಡಿನ ಹೊರಗೆ ಬೆಳೆದ ಬಿದಿರು ಆ ಪಟ್ಟಿಯಿಂದ ಹೊರಬಂದದ್ದು 2017ರಲ್ಲಿ. ತೊಂಬತ್ತು ವರ್ಷ ಬೇಕಾಯಿತು.

ನನ್ನ ಚಿಕ್ ಕೂಡ ಒಂದು ಅಡ್ಡಿ ದಾಟಬೇಕಾಯಿತು. ಹೊರಗೆ ತೂಗಿಸಿದ ಮೂರನೆಯ ದಿನಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಸಂಘದಿಂದ ಪತ್ರ ಬಂತು: ಕಟ್ಟಡದ ಹೊರನೋಟ ಕೆಡುತ್ತದೆ, ತೆಗೆಯಿರಿ. ಅದೇ ಗೋಡೆಯಲ್ಲಿ ಏಸಿ ಡಬ್ಬಗಳು ಸಾಲಾಗಿ ನೀರು ತೊಟ್ಟಿಕ್ಕಿಸುತ್ತಿವೆ, ಪಾರಿವಾಳದ ಬಲೆಗಳು ಜೋತುಬಿದ್ದಿವೆ. ವಾದಿಸಿ ಸೋತೆ. ಈಗ ಚಿಕ್ ಆ ಕಿಟಕಿಯ ಮುಂದಿನ ಬಾಲ್ಕನಿಯ ಕಂಬಿಯ ಒಳಗೆ ತೂಗುತ್ತಿದೆ, ಕಿಟಕಿಯ ಗಾಜಿಗಿಂತ ಹೊರಗೇ. ಸಂಜೆ ಟೀವಿ ಕಾಣುತ್ತದೆ. ಕಿಟಕಿಯ ದಪ್ಪ ಪರದೆಯನ್ನು ಒಗೆದು ಮಡಿಸಿಟ್ಟಿದ್ದೇನೆ.

ಹಣ ಕೊಡಲು ಹೋದ ದಿನ ತಾತ ಹನ್ನೆರಡು ಭಾರಗಳನ್ನೂ ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿಡುತ್ತಿದ್ದರು. ಮೇ ಕಳೆದರೆ ತಟ್ಟಿ ಕೇಳುವವರಿಲ್ಲ, ಗೌರಿ ಹಬ್ಬದ ಬಾಗಿನಕ್ಕೆ ಮೊರ ಹೆಣೆಯಲು ಕೂರಬೇಕು. ಮುಂದಿನ ಬೇಸಿಗೆಗೆ ಚೀಲ ಬಿಚ್ಚುತ್ತೀರಾ ಎಂದು ಕೇಳಿದೆ. "ಕಣ್ಣು ನೋಡ್ಕಂಡು" ಎಂದರು.

ಚಿಕ್ ಬೇಕೆನಿಸಿದವರು ಯುಗಾದಿಗೆ ಮೊದಲೇ ಹೋಗಿ. ಹೋಗುವ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಮನೆಯಲ್ಲಿದ್ದು, ಬಿಸಿಲು ಯಾವ ಕಿಟಕಿಯಿಂದ ಎಲ್ಲಿಯವರೆಗೆ ಬರುತ್ತದೆ ನೋಡಿಕೊಳ್ಳಿ. ತಾತ ಮೊದಲು ಕೇಳುವುದು ಅದನ್ನೇ.